ನಾಲ್ಕನೇ ತರಗತಿಯ ಮಗನನ್ನು ‘ಗೃಹಾಧಾರಿತ ಶಿಕ್ಷಣ’ಕ್ಕೆ ಬರೆದುಕೊಡಿ ಎನ್ನುತ್ತಿದ್ದಾರೆ, ಸಹಿ ಹಾಕಲೇ?

ಹಿತ್ತಲಗಿಡ (ಭಾನುವಾರ, ರಾತ್ರಿ 9:40)
ಮಗನಿಗೆ ಒಂಬತ್ತು ವರ್ಷ. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ. ಬೌದ್ಧಿಕ ವಿಕಲತೆ ಇದೆ, ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನಲ್ಲಿ ಶೇ 50 ಎಂದು ಬರೆದಿದ್ದಾರೆ. ಮಾತು ಸ್ಪಷ್ಟವಿಲ್ಲ. ಆದರೆ ಓಡಾಡುತ್ತಾನೆ, ಶೌಚಾಲಯಕ್ಕೆ ತಾನೇ ಹೋಗಿ ಬರುತ್ತಾನೆ, ಇವತ್ತಿನವರೆಗೆ ಯಾರ ಮೇಲೂ ಕೈ ಮಾಡಿದವನಲ್ಲ.

ಮೂರನೆಯ ತರಗತಿಯವರೆಗೆ ನಲಿ-ಕಲಿ ಕೊಠಡಿಯಲ್ಲಿದ್ದ. ನೆಲದ ಮೇಲೆ ಸುತ್ತ ಕುಳಿತು, ಕಾರ್ಡು ಹಿಡಿದು, ಚಿಕ್ಕವರ ಜೊತೆ ಚಿಕ್ಕವನಾಗಿ ಆರಾಮವಾಗಿದ್ದ. ಈ ಜೂನ್‌ನಿಂದ ಬೆಂಚು, ಪಠ್ಯಪುಸ್ತಕ, ಕಪ್ಪು ಹಲಗೆ. ಅವನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ ಒಂದು ಸ್ಲೇಟು ಕೊಟ್ಟಿದ್ದಾರೆ. ಮೂರು ತಿಂಗಳಾಯಿತು, ಅದೇ ಅ ಆ ಇ ಈ. ಹೋದ ವಾರ ಮುಖ್ಯ ಶಿಕ್ಷಕರು ಕರೆಸಿದರು. “ಹೆಸರು ಶಾಲೆಯಲ್ಲೇ ಇರುತ್ತದೆ, ಮನೆಗೇ ಬಂದು ಕಲಿಸುತ್ತಾರೆ, ನಿಮಗೂ ನೆಮ್ಮದಿ, ನಮಗೂ ನೆಮ್ಮದಿ” ಎಂದು ಒಂದು ಅರ್ಜಿ ಕೈಗಿಟ್ಟರು. ಅದು ಈಗ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಂತೆ ಇದೆ.

ನಮ್ಮ ಮನೆಯವರು ಸಹಿ ಹಾಕಿಬಿಡು ಎನ್ನುತ್ತಾರೆ. ನಾನು ಅಡಿಕೆ ಸುಲಿಯಲು ಹೋಗುವವಳು, ಹಗಲು ಮನೆಯಲ್ಲಿ ಇರುವುದಿಲ್ಲ. ತಿಳಿದವರು ಹೇಳಿ.

ಬಯಲುಗಾಳಿ
ಹಾಕಬೇಡಿ ಅಕ್ಕ. ಬಸ್ಸಿನಲ್ಲಿದ್ದೇನೆ, ಕಾರಣ ರಾತ್ರಿ ಬರೆಯುತ್ತೇನೆ. ಅಲ್ಲಿಯವರೆಗೆ ಆ ಕಾಗದ ಕ್ಯಾಲೆಂಡರಿನ ಹಿಂದೆಯೇ ಇರಲಿ.

ಹಳೇಮೇಷ್ಟ್ರು
ಮೊದಲು ಒಂದು ಪ್ರಶ್ನೆ. ಮಗುವಿನ ಕಿವಿ ಪರೀಕ್ಷೆ ಆಗಿದೆಯೇ? ಎಂಬತ್ತರ ದಶಕದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ದಡ್ಡ ಎಂದು ಇಡೀ ಶಾಲೆ ತೀರ್ಮಾನಿಸಿಬಿಟ್ಟಿತ್ತು, ನಾನೂ ಸೇರಿದಂತೆ. ಒಂದು ದಿನ ಅವನ ಬೆನ್ನ ಹಿಂದೆ ಗಂಟೆ ಬಾರಿಸಿದರೂ ತಿರುಗಲಿಲ್ಲ. ಆಗ ಅವನು ಐದನೇ ತರಗತಿ. ಐದು ವರ್ಷ ನಾವು ಅವನಿಗೆ ಕೇಳಿಸದ ಪಾಠ ಮಾಡಿ, ಉತ್ತರ ಹೇಳಲಿಲ್ಲ ಎಂದು ಕಿವಿ ಹಿಂಡಿದ್ದೆವು. ಆ ಕಿವಿಯನ್ನೇ!

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೆ. ಮಾತು ತೊಡರುವ ಮಗುವನ್ನು ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ಯಿರಿ.

ಹಿತ್ತಲಗಿಡ
ಕಿವಿ ಪರೀಕ್ಷೆ ಆಗಿದೆ ಮೇಷ್ಟ್ರೇ, ಚೆನ್ನಾಗಿ ಕೇಳಿಸುತ್ತದೆ. ಮೈಸೂರಿಗೆ ಹೋಗಿಲ್ಲ, ನೋಡುತ್ತೇನೆ.

ಬಯಲುಗಾಳಿ
ಮನೆ ಸೇರಿದೆ. ಈಗ ಕೇಳಿ.

ಶಿಕ್ಷಣ ಹಕ್ಕು ಕಾಯ್ದೆ 2009ರದು. ಅದಕ್ಕೆ 2012ರಲ್ಲಿ ತಿದ್ದುಪಡಿ ತಂದು ಗೃಹಾಧಾರಿತ ಶಿಕ್ಷಣವನ್ನು ಸೇರಿಸಿದರು. ಯಾರಿಗೆ? ಬಹು ವಿಕಲತೆ ಇರುವ ಮಕ್ಕಳಿಗೆ, ತೀವ್ರ ವಿಕಲತೆ ಇರುವ ಮಕ್ಕಳಿಗೆ. ತೀವ್ರ ಎಂದರೆ ಆಗಿನ ಕಾನೂನಿನ ಲೆಕ್ಕದಲ್ಲಿ ಶೇ 80 ಮತ್ತು ಮೇಲ್ಪಟ್ಟು. ನಿಮ್ಮ ಮಗನದು 50. ಅದಕ್ಕಿಂತ ಮುಖ್ಯವಾದದ್ದು, ಅಲ್ಲಿ ಬರೆದಿರುವುದು ಮಗುವಿಗೆ ಅದನ್ನು ‘ಆಯ್ದುಕೊಳ್ಳುವ ಹಕ್ಕು’ ಇದೆ ಎಂದು. ಮಗುವನ್ನು ಮನೆಗೆ ಕಳುಹಿಸುವ ಹಕ್ಕು ಶಾಲೆಗೆ ಇದೆ ಎಂದಲ್ಲ. ಅರ್ಜಿಯನ್ನು ನಿಮ್ಮ ಕೈಯಲ್ಲೇ ಬರೆಸುವುದು ಏಕೆ ಎಂದು ಈಗ ತಿಳಿಯಿತಲ್ಲ. ಸಹಿ ಬಿದ್ದರೆ ಅದು ‘ಪೋಷಕರ ಕೋರಿಕೆ’ ಆಗುತ್ತದೆ.

ಆಮೇಲೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಅದರ ಸೆಕ್ಷನ್ 31ರ ಪ್ರಕಾರ ಶೇ 40ಕ್ಕಿಂತ ಕಡಿಮೆಯಿಲ್ಲದ ವಿಕಲತೆ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ, ಇಲ್ಲವೇ ತನಗೆ ಬೇಕೆನಿಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಅಂದರೆ ಬೇರೆ ಮಕ್ಕಳಿಗೆ 14ಕ್ಕೆ ಮುಗಿಯುವುದು ನಿಮ್ಮ ಮಗನಿಗೆ 18ರವರೆಗೆ.

ಒಂದೂವರೆ ಕೊಠಡಿ
ಕಾನೂನು ಓದಿ ಹೇಳುವುದು ಸುಲಭ ಸ್ವಾಮಿ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾಲ್ಕು ಮತ್ತು ಐದನೇ ತರಗತಿ ಎರಡೂ ನನ್ನವೇ, ಒಂದೇ ಕೊಠಡಿಯಲ್ಲಿ ಮೂವತ್ತೆಂಟು ಮಕ್ಕಳು. ಅವರಲ್ಲಿ ಇಬ್ಬರು ವಿಶೇಷ ಅಗತ್ಯದ ಮಕ್ಕಳು. ಒಬ್ಬಳು ಆಟಿಸಂ ಇರುವ ಹುಡುಗಿ, ಮಳೆ ತಗಡಿನ ಮೇಲೆ ಬಿದ್ದರೆ ಕಿರುಚಿಕೊಳ್ಳುತ್ತಾಳೆ. ಇದರ ನಡುವೆ ಎಸ್‌ಎಟಿಎಸ್ (ಮಕ್ಕಳ ಆನ್‌ಲೈನ್ ದಾಖಲೆ) ತುಂಬಬೇಕು, ಮೊಟ್ಟೆ ಲೆಕ್ಕ ಇಡಬೇಕು, ಹಾಲಿನ ಪುಡಿ, ಸಮವಸ್ತ್ರ, ಶೂ ಅಳತೆ, ಯಾವುದೋ ಸಮೀಕ್ಷೆ. ಡಿ.ಇಡಿ. ಶಿಕ್ಷಕ ತರಬೇತಿಯಲ್ಲಿ ಇಂಥ ಮಕ್ಕಳ ಬಗ್ಗೆ ನಮಗೆ ಒಂದು ಅಧ್ಯಾಯ ಇತ್ತು, ಪರೀಕ್ಷೆಗೆ ಐದು ಅಂಕಕ್ಕೆ ಬರುತ್ತಿತ್ತು. ಮಗುವನ್ನು ಹಿಂದೆ ಕೂರಿಸಿ ಸ್ಲೇಟು ಕೊಡುವ ಶಿಕ್ಷಕಿ ದುಷ್ಟಳಲ್ಲ. ಅವಳಿಗೆ ಮುಂದೇನು ಮಾಡಬೇಕೆಂದು ತಿಳಿದಿಲ್ಲ, ತಿಳಿಸಬೇಕಾದವರು ಬಂದಿಲ್ಲ.

ಬಯಲುಗಾಳಿ
ದುಷ್ಟಳು ಎಂದು ಯಾರು ಹೇಳಿದರು ಮೇಡಂ? ನಿಮಗೆ ನೆರವು ಇಲ್ಲ ಎನ್ನುವುದಕ್ಕೆ ಮಗುವನ್ನು ಮನೆಗೆ ಕಳುಹಿಸುವುದು ಉತ್ತರವೇ?

ಒಂದೂವರೆ ಕೊಠಡಿ
ಅಲ್ಲ. ಆದರೆ ಮೂವತ್ತೆಂಟು ಜನರ ಪೋಷಕರೂ ನನ್ನನ್ನೇ ಕೇಳುತ್ತಾರೆ.

ಕಡ್ಲೆಪುರಿ
ನಲಿ-ಕಲಿಯ ವಿಷಯ ಯಾರೂ ಎತ್ತಲಿಲ್ಲವಲ್ಲ! ನನಗೆ ಇದರಲ್ಲಿ ಅದೇ ದೊಡ್ಡ ಅಂಶವಾಗಿ ಕಾಣುತ್ತಿದೆ. ತೊಂಬತ್ತರ ದಶಕದಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಶುರು ಮಾಡಿದ ಪದ್ಧತಿ ಅದು. ಕಲಿಕಾ ಏಣಿ ಇರುತ್ತದೆ, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಮಕ್ಕಳು ‘ತಟ್ಟೆ’ ಎನ್ನುವ ಗುಂಪುಗಳಲ್ಲಿ ಕೂರುತ್ತಾರೆ: ಶಿಕ್ಷಕರ ನೆರವು ಬೇಕಾದವರದು ಒಂದು, ಗೆಳೆಯರ ನೆರವಿನಲ್ಲಿ ಕಲಿಯುವವರದು ಒಂದು, ತಾವೇ ಕಲಿಯುವವರದು ಒಂದು. ನಿಧಾನ ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವ ವಿಶೇಷ ಶಾಲೆಯಲ್ಲೂ ಸಿಗಲಿಕ್ಕಿಲ್ಲ. ನಾಲ್ಕಕ್ಕೆ ಬಂದ ಕೂಡಲೇ ಏಣಿ ತೆಗೆದುಬಿಡುತ್ತೇವೆ. ಆಮೇಲೆ ‘ಈ ಮಗುವಿಗೆ ಆಗುವುದಿಲ್ಲ’ ಎನ್ನುತ್ತೇವೆ.

ಒಂದೂವರೆ ಕೊಠಡಿ
ಇದನ್ನು ಒಪ್ಪುತ್ತೇನೆ. ಜೂನ್ ತಿಂಗಳಲ್ಲಿ ನಾಲ್ಕನೇ ತರಗತಿಗೆ ಬರುವ ಎಲ್ಲ ಮಕ್ಕಳ ಮುಖವೂ ಬಸ್ಸು ತಪ್ಪಿದವರ ಮುಖದಂತೆ ಇರುತ್ತದೆ.

ಗಾಲಿಕುರ್ಚಿ ಅಪ್ಪ
ಎಲ್ಲರೂ ಗೃಹಾಧಾರಿತ ಶಿಕ್ಷಣಕ್ಕೆ ಉಗಿಯುತ್ತಿದ್ದೀರಿ, ಸ್ವಲ್ಪ ತಡೆಯಿರಿ. ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಶೇ 90. ಕುತ್ತಿಗೆ ನಿಲ್ಲುವುದಿಲ್ಲ, ಎತ್ತಿಕೊಂಡೇ ಎಲ್ಲವೂ ಆಗಬೇಕು. ನಮ್ಮ ಮನೆಗೆ ವಾರಕ್ಕೆ ಎರಡು ದಿನ ಸ್ವಯಂಸೇವಕಿ ಬರುತ್ತಾರೆ. ಬರೆಯುವುದು ಓದುವುದು ಇಲ್ಲ, ಆದರೆ ಈ ವರ್ಷ ಮಗಳು ಹೌದು ಎನ್ನುವುದಕ್ಕೆ ಕಣ್ಣನ್ನು ಮೇಲಕ್ಕೂ ಬೇಡ ಎನ್ನುವುದಕ್ಕೆ ಪಕ್ಕಕ್ಕೂ ಹೊರಳಿಸುವುದನ್ನು ಕಲಿತಿದ್ದಾಳೆ. ಹನ್ನೊಂದು ವರ್ಷ ನಾವು ಅವಳಿಗೆ ಯಾವ ಸಾರು ಇಷ್ಟ ಎಂದು ಊಹಿಸುತ್ತಿದ್ದೆವು. ಈಗ ಕೇಳುತ್ತೇವೆ. ಹುಳಿ ಸಾರು ಇಷ್ಟವಿಲ್ಲವಂತೆ, ನಾವು ಅದನ್ನೇ ಹೆಚ್ಚು ಮಾಡುತ್ತಿದ್ದೆವು.

ಈ ಅಕ್ಕನ ಮಗನಿಗೆ ಅದು ಬೇಡ, ನಿಜ. ನಮ್ಮಂಥವರಿಗೆ ಅದೇ ಶಾಲೆ. ಓಡಾಡುವ ಮಕ್ಕಳನ್ನೆಲ್ಲ ಆ ಪಟ್ಟಿಗೆ ತುಂಬಿದರೆ ನಮ್ಮ ಮಗಳ ಎರಡು ದಿನ ಒಂದು ದಿನವಾಗುತ್ತದೆ, ಆಮೇಲೆ ತಿಂಗಳಿಗೊಮ್ಮೆ ಆಗುತ್ತದೆ. ಅದಕ್ಕಾಗಿಯಾದರೂ ಸಹಿ ಹಾಕಬೇಡಿ!

ಹಿತ್ತಲಗಿಡ
ಅಣ್ಣ, ಹುಳಿ ಸಾರಿನ ಮಾತು ಓದಿ ನಗುವೂ ಬಂತು, ಅಳುವೂ ಬಂತು.

ಚೀಲ ಹೊತ್ತವಳು
ತಡವಾಗಿ ನೋಡಿದೆ. ನಾನು ಒಂದು ತಾಲೂಕಿನಲ್ಲಿ ಬಿಐಇಆರ್‌ಟಿ. ತಿಳಿಯದವರಿಗೆ: ಬಿಆರ್‌ಸಿ, ಅಂದರೆ ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ ಕುಳಿತು, ಅಲ್ಲ, ಕೂರದೆ ತಿರುಗುತ್ತಾ ಇಡೀ ತಾಲೂಕಿನ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕಿ. ದ್ವಿಚಕ್ರ ವಾಹನ ನನ್ನದು, ಪೆಟ್ರೋಲ್ ಹೆಚ್ಚಾಗಿ ನನ್ನದೇ. ಚೀಲದಲ್ಲಿ ಮಣಿ, ದಾರ, ಬಟ್ಟೆ ಕ್ಲಿಪ್ಪು, ಮರಳು ಕಾಗದದಲ್ಲಿ ಕತ್ತರಿಸಿದ ಅಕ್ಷರ, ಒಂದು ಕನ್ನಡಿ. ಕನ್ನಡಿ ಏಕೆಂದರೆ ‘ಪ’ ಎನ್ನುವಾಗ ತುಟಿ ಹೇಗೆ ಮುಚ್ಚುತ್ತದೆ ಎಂದು ಮಗು ತಾನೇ ನೋಡಬೇಕು.

ಒಂದು ಶಾಲೆಗೆ ನಾನು ಎರಡನೆಯ ಸಲ ಹೋಗುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ, ಕೆಲವೊಮ್ಮೆ ಎರಡು. ನಡುವೆ ವೈದ್ಯಕೀಯ ತಪಾಸಣಾ ಶಿಬಿರ, ಸಲಕರಣೆ ಹಂಚಿಕೆ, ಪರೀಕ್ಷೆ ಕೆಲಸ, ದಾಖಲೆ. ಕೇಂದ್ರ ಸರ್ಕಾರದ 2022ರ ಅಧಿಸೂಚನೆ ಹೇಳುವುದು ಒಂದರಿಂದ ಐದನೇ ತರಗತಿವರೆಗೆ ಹತ್ತು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಆರರಿಂದ ಎಂಟರವರೆಗೆ ಹದಿನೈದಕ್ಕೆ ಒಬ್ಬ. ಸುಪ್ರೀಂ ಕೋರ್ಟ್ 2021ರಲ್ಲಿ ಈ ವಿಷಯದಲ್ಲಿ ತೀರ್ಪು ಕೊಟ್ಟು, 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಹುದ್ದೆ ಮಂಜೂರು ಮಾಡಿ ಎಂದು ಮತ್ತೆ ಹೇಳಿತು. ನನ್ನ ಪಟ್ಟಿಯಲ್ಲಿ ಎಷ್ಟು ಹತ್ತುಗಳಿವೆ ಎಂದು ಎಣಿಸುವುದನ್ನು ನಾನು ಬಿಟ್ಟಿದ್ದೇನೆ.

ಅಕ್ಕ, ನಿಮಗೊಂದು ಪ್ರಶ್ನೆ. ಮಗನಿಗೆ ಏನು ಬರುವುದಿಲ್ಲ ಎನ್ನುವುದು ಬೇಡ. ಶಾಲೆಯಲ್ಲಿ ಅವನು ದಿನವೂ ತಪ್ಪದೆ ಮಾಡುವ ಕೆಲಸ ಯಾವುದಾದರೂ ಇದೆಯೇ?

ಹಿತ್ತಲಗಿಡ
ಇದೆ. ಬಿಸಿಯೂಟದ ಹೊತ್ತಿಗೆ ಮೊಟ್ಟೆ ಹಂಚುವುದು ಅವನೇ. ಅಡುಗೆಯ ಅಮ್ಮನೇ ಆ ಕೆಲಸ ಕೊಟ್ಟದ್ದು. ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಎಂದು ಬರೆದುಕೊಳ್ಳದೆ ನೆನಪಿಟ್ಟಿದ್ದಾನೆ. ಒಮ್ಮೆ ಮೇಷ್ಟ್ರ ಮಗಳು ಬಾಳೆಹಣ್ಣಿನ ಸಾಲಿನವಳು, ಮೊಟ್ಟೆ ಕೇಳಿದಳಂತೆ. ಇವನು ಬುಟ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಅಡುಗೆಯ ಅಮ್ಮನನ್ನು ಕರೆದು ತೋರಿಸಿದನಂತೆ. ಪುಸ್ತಕದಲ್ಲಿ ಹತ್ತರವರೆಗೂ ಎಣಿಸುವುದಿಲ್ಲ. ಬುಟ್ಟಿಯಲ್ಲಿ ಒಂದು ಮೊಟ್ಟೆ ಕಡಿಮೆ ಇದ್ದರೆ ಮಾತ್ರ ಹೇಗೋ ತಿಳಿಯುತ್ತದೆ.

ಚೀಲ ಹೊತ್ತವಳು
ನೋಡಿ, ಇದನ್ನು ಮುಖ್ಯ ಶಿಕ್ಷಕರ ಮುಂದೆ ಇದೇ ಮಾತಿನಲ್ಲಿ ಹೇಳಿ. ವೈಯಕ್ತಿಕ ಶಿಕ್ಷಣ ಯೋಜನೆ ಎಂದರೆ ದಪ್ಪನೆಯ ಕಡತವಲ್ಲ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಒಂದು ಹೆಜ್ಜೆ, ಅಷ್ಟೇ. ಅವನ ಒಂದು ಹೆಜ್ಜೆ ಬುಟ್ಟಿಯ ಪಕ್ಕದಲ್ಲಿದೆ. ಮೊಟ್ಟೆಗಳನ್ನು ಹತ್ತು ಹತ್ತಾಗಿ ಬೇರೆ ಬೇರೆ ತಟ್ಟೆಗೆ ಇಡಿಸಿ. ಅದೇ ದಶಕ-ಬಿಡಿ ಲೆಕ್ಕ. ಇಂದು ಎಷ್ಟು ಮಂದಿ ಗೈರು ಎಂದು ಕೇಳಿ, ಅಷ್ಟು ಮೊಟ್ಟೆ ಪಕ್ಕಕ್ಕೆ ಇಡಲಿ. ಅದೇ ಕಳೆಯುವ ಲೆಕ್ಕ. ಒಂದು ವಾರದ ನಂತರ ಮೊಟ್ಟೆಯ ಬದಲು ಹುಣಸೆ ಬೀಜ, ಇನ್ನೊಂದು ವಾರದ ನಂತರ ಹಲಗೆಯ ಮೇಲೆ ಸೊನ್ನೆಗಳು. ಮಕ್ಕಳ ಹೆಸರುಗಳು ಅವನಿಗೆ ಗೊತ್ತು, ಓದನ್ನು ಆ ಹೆಸರುಗಳಿಂದ ಶುರು ಮಾಡಿ. ‘ಅ’ದಿಂದಲೇ ಆಗಬೇಕೆಂದು ಯಾರು ಹೇಳಿದರು?

ಮನೆಯಲ್ಲಿ ಕೂರಿಸಿದರೆ ಮೊದಲು ಹೋಗುವುದು ಈ ಬುಟ್ಟಿ.

ಒಂದೂವರೆ ಕೊಠಡಿ
ಇದನ್ನು ನಾನು ನನ್ನ ಕೊಠಡಿಗೂ ಕದಿಯುತ್ತೇನೆ. ಮೂವತ್ತೆಂಟು ಮಕ್ಕಳಿಗೂ ಆಗುತ್ತದೆ.

ಪಟ್ಟಣವಾಸಿ
ನನ್ನ ಅಭಿಪ್ರಾಯ ಬೇರೆ. ಸಾಮಾನ್ಯ ಶಾಲೆಯಲ್ಲಿ ಮೊಟ್ಟೆ ಹಂಚಿಸಿಕೊಂಡು ಕೂರಿಸುವ ಬದಲು ವಿಶೇಷ ಶಾಲೆಗೆ ಸೇರಿಸಿ. ತರಬೇತಿ ಪಡೆದವರು ಇರುತ್ತಾರೆ, ವಾಕ್ ಚಿಕಿತ್ಸೆ ಇರುತ್ತದೆ. ನನ್ನ ತಂಗಿಯ ಮಗ ಹೋಗುತ್ತಾನೆ, ಬಹಳ ಸುಧಾರಿಸಿದ್ದಾನೆ.

ಗಾಲಿಕುರ್ಚಿ ಅಪ್ಪ
ಎಷ್ಟು ದೂರ?

ಪಟ್ಟಣವಾಸಿ
ಮನೆಯಿಂದ ಎರಡು ಕಿಲೋಮೀಟರ್, ವ್ಯಾನ್ ಬರುತ್ತದೆ.

ಗಾಲಿಕುರ್ಚಿ ಅಪ್ಪ
ನಮ್ಮೂರಿಂದ ಎಪ್ಪತ್ತು. ವಸತಿ ಶಾಲೆಯಲ್ಲಿ ಬಿಡಬೇಕು. ಒಂಬತ್ತು ವರ್ಷದ, ಮಾತು ಸ್ಪಷ್ಟವಿಲ್ಲದ ಮಗುವನ್ನು. ಹೊಟ್ಟೆ ನೋವು ಎಂದರೆ ಅಲ್ಲಿ ಯಾರಿಗೆ ಅರ್ಥವಾಗಬೇಕು?

ಪಟ್ಟಣವಾಸಿ
ಅದನ್ನು ಯೋಚಿಸಿರಲಿಲ್ಲ.

ಹಳೇಮೇಷ್ಟ್ರು
ಇವರೆಲ್ಲ ದೇವರ ಮಕ್ಕಳು. ನಾವು ಸೇವೆ ಎಂದು ಮಾಡಬೇಕು.

ಕಡ್ಲೆಪುರಿ
ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ಆ ಮಾತು ಬೇಡ. ದೇವರ ಮಕ್ಕಳು ಎಂದರೆ ನೋಡಿಕೊಳ್ಳುವುದೂ ದೇವರ ಕೆಲಸ ಎಂದಾಗುತ್ತದೆ. ಆಮೇಲೆ ಸರ್ಕಾರ ಏಕೆ, ಹುದ್ದೆ ಏಕೆ?

ಹಳೇಮೇಷ್ಟ್ರು
ನಮ್ಮ ಕಾಲದಲ್ಲಿ ಬುದ್ಧಿಮಾಂದ್ಯ ಎನ್ನುತ್ತಿದ್ದೆವು. ಅದನ್ನು ಬಿಡಿಸಿದಿರಿ. ಈಗ ಇದೂ ಬೇಡ ಎನ್ನುತ್ತೀರಿ. ಹಾಗಾದರೆ ಏನೆಂದು ಕರೆಯಬೇಕು?

ಗಾಲಿಕುರ್ಚಿ ಅಪ್ಪ
ಹೆಸರಿಟ್ಟಿದ್ದೇವೆ ಮೇಷ್ಟ್ರೇ, ಹೆಸರು ಹಿಡಿದು ಕರೆಯಿರಿ.

ಮಂಜುಬಿದ್ದ ಊರು
ಅಮೆರಿಕದಿಂದ ಬರೆಯುತ್ತಿದ್ದೇನೆ, ಮಗನಿಗೆ ಆಟಿಸಂ, ಇಲ್ಲಿನ ಸರ್ಕಾರಿ ಶಾಲೆ. ವರ್ಷಕ್ಕೊಮ್ಮೆ ಮೇಜಿನ ಸುತ್ತ ಏಳೆಂಟು ಜನ ಕೂತು ಅವನ ಯೋಜನೆ ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲದಿದ್ದರೆ ತಕರಾರು ಹೂಡಿ ವಿಚಾರಣೆ ಕೇಳಬಹುದು. 1975ರ ಕಾನೂನು ಕೊಟ್ಟ ಹಕ್ಕು ಇದು.

ಕಡ್ಲೆಪುರಿ
ಬಂದಿತು ಅಮೆರಿಕ! ಇಷ್ಟು ಹೊತ್ತು ಹೇಗೆ ತಡೆದುಕೊಂಡಿದ್ದಿರೋ.

ಮಂಜುಬಿದ್ದ ಊರು
ಪೂರ್ತಿ ಓದಿ ಸ್ವಾಮಿ. ಈ ಮಕ್ಕಳಿಗೆ ಆಗುವ ಹೆಚ್ಚುವರಿ ವೆಚ್ಚದಲ್ಲಿ ಶೇ 40ರವರೆಗೆ ಕೇಂದ್ರವೇ ಭರಿಸುತ್ತದೆ ಎಂದು ಅದೇ ಕಾನೂನಿನಲ್ಲಿ ಮಾತು ಕೊಟ್ಟಿದ್ದರು. ಇವತ್ತಿನವರೆಗೆ ಒಂದು ವರ್ಷವೂ ಅಷ್ಟು ಕೊಟ್ಟಿಲ್ಲ. ಇಲ್ಲಿಯೂ ಕೊನೆಗೆ ದನಿ ಎತ್ತುವ ಪೋಷಕರ ಮಗುವಿಗೇ ಹೆಚ್ಚು ಸಿಗುವುದು. ನಾನು ಹೇಳಬೇಕೆಂದಿದ್ದು ಇಷ್ಟೇ: ಬಾಯಿಮಾತು ಬೇಡ, ಎಲ್ಲವನ್ನೂ ಬರಹದಲ್ಲಿ ಕೇಳಿ.

ಬಯಲುಗಾಳಿ
ಕೊನೆಯ ಮಾತಿಗೆ ನನ್ನ ಸಹಮತ. ಅಕ್ಕ, ಬಿಳಿ ಹಾಳೆಯಲ್ಲಿ ಎರಡು ಸಾಲು ಸಾಕು: “ನನ್ನ ಮಗ ದಿನವೂ ಶಾಲೆಗೆ ಬರುತ್ತಾನೆ. ಅವನಿಗೆ ವೈಯಕ್ತಿಕ ಶಿಕ್ಷಣ ಯೋಜನೆ ಮಾಡಿಸಿ, ಸಂಪನ್ಮೂಲ ಶಿಕ್ಷಕರನ್ನು ಕಳುಹಿಸಿಕೊಡಿ.” ಮುಖ್ಯ ಶಿಕ್ಷಕರಿಗೆ ಒಂದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಲ್ಲೂ ಆಗದಿದ್ದರೆ ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರು ಬೆಂಗಳೂರಿನಲ್ಲಿದ್ದಾರೆ, ಅವರಿಗೆ ದೂರು ಕೊಡಬಹುದು. ಅಲ್ಲಿಯವರೆಗೆ ಹೋಗುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ, ಮೊಹರು ಬಿದ್ದ ಕಾಗದಕ್ಕೆ ಬೇರೆಯದೇ ತೂಕ.

ಸೂಜಿಮಲ್ಲಿಗೆ
ನಡುವೆ ಬಾಯಿ ಹಾಕುತ್ತಿದ್ದೇನೆ. ಹೆಣ್ಣುಮಕ್ಕಳಿಗೆ ಪ್ರೋತ್ಸಾಹಧನ ಇದೆ ಎನ್ನುತ್ತಾರಲ್ಲ, ಎಷ್ಟು?

ಚೀಲ ಹೊತ್ತವಳು
ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು, ಒಂದರಿಂದ ಹನ್ನೆರಡನೇ ತರಗತಿವರೆಗೆ. ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕು, ಆಧಾರ್ ಜೋಡಣೆ ಆಗಿರಬೇಕು. ಹಣ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ. ಎಸ್‌ಎಟಿಎಸ್‌ನಲ್ಲಿ ವಿಕಲತೆಯ ಕಾಲಂ ತುಂಬಿದ್ದಾರೆಯೇ ಎಂದೂ ಕೇಳಿ. ಅಲ್ಲಿ ‘ಇಲ್ಲ’ ಎಂದಿದ್ದರೆ ಸರ್ಕಾರದ ಲೆಕ್ಕದಲ್ಲಿ ನಿಮ್ಮ ಮಗಳಿಗೆ ಏನೂ ತೊಂದರೆ ಇಲ್ಲ!

ಎಸ್ಸೆಸ್ಸೆಲ್ಸಿ ಅಮ್ಮ
ನನ್ನ ಮಗನಿಗೆ ಕಲಿಕಾ ನ್ಯೂನತೆ, ಈ ವರ್ಷ ಹತ್ತನೇ ತರಗತಿ. ಅವನು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆಯುವವರ ಸೌಲಭ್ಯಕ್ಕೆ ಯಾವಾಗ ಅರ್ಜಿ ಹಾಕಬೇಕು?

ಬಯಲುಗಾಳಿ
ಇವತ್ತೇ ಶಾಲೆಯಲ್ಲಿ ಕೇಳಿ, ಪರೀಕ್ಷೆಯ ನೋಂದಣಿ ಮಾಡುವಾಗಲೇ ಸೇರಬೇಕು. ಜನವರಿಯಲ್ಲಿ ನೆನಪಾದರೆ ಓಡಾಟವೇ ಪರೀಕ್ಷೆ ಆಗುತ್ತದೆ. ಹೆಚ್ಚುವರಿ ಸಮಯ, ಬರೆಯುವವರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಮೂರನ್ನೂ 2016ರ ಕಾಯ್ದೆಯ ಸೆಕ್ಷನ್ 17 ಹೆಸರಿಸಿದೆ. ಬರೆಯುವ ಹುಡುಗನನ್ನು ಈಗಲೇ ಗೊತ್ತು ಮಾಡಿ, ನಾಲ್ಕೈದು ಸಲ ಇಬ್ಬರನ್ನೂ ಕೂರಿಸಿ ಅಭ್ಯಾಸ ಮಾಡಿಸಿ. ಹೇಳಿ ಬರೆಸುವುದೂ ಕಲಿಯಬೇಕಾದ ವಿದ್ಯೆ. ನಮ್ಮ ಮನೆಯ ಹುಡುಗ ಮೊದಲ ಸಲ ಪೂರ್ಣವಿರಾಮ ಹೇಳುವುದನ್ನೇ ಮರೆತು ಮೂರು ಪುಟವನ್ನು ಒಂದೇ ವಾಕ್ಯ ಮಾಡಿದ್ದ.

ಹಿತ್ತಲಗಿಡ (ಶುಕ್ರವಾರ, ಸಂಜೆ 7:15)
ನಿನ್ನೆ ಕೆಲಸಕ್ಕೆ ರಜೆ ಹಾಕಿ ಶಾಲೆಗೆ ಹೋಗಿದ್ದೆ. ಅರ್ಜಿಗೆ ಸಹಿ ಹಾಕದೆ ಹಿಂದಿರುಗಿಸಿದೆ, ನನ್ನ ಎರಡು ಸಾಲಿನ ಪತ್ರ ಕೊಟ್ಟೆ. ಮುಖ್ಯ ಶಿಕ್ಷಕರಿಗೆ ಮುನಿಸು. “ನಾನು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು” ಎಂದರು. ಮೊಹರು ಕೇಳಿದಾಗ ಬೀಗದ ಕೈ ಕಳೆದಿದೆ ಎಂದರು. ಕುಳಿತೇ ಇದ್ದೆ. ಅರ್ಧ ಗಂಟೆಯ ನಂತರ ಬೀಗದ ಕೈ ಸಿಕ್ಕಿತು.

ತರಗತಿಯ ಟೀಚರಮ್ಮನ ಹತ್ತಿರ ಮೊಟ್ಟೆಯ ವಿಷಯ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ, ಊಟದ ಹೊತ್ತಿನಲ್ಲಿ ಅವರು ಕಚೇರಿಯಲ್ಲಿ ಆನ್‌ಲೈನ್ ಕೆಲಸ ಮಾಡುತ್ತಿರುತ್ತಾರಂತೆ. ಇವತ್ತು ಬಂದು ನೋಡಿದರು. ಐದು ಮಕ್ಕಳು ಗೈರು. ಇವನು ಐದು ಮೊಟ್ಟೆ ಪಕ್ಕಕ್ಕೆ ಇಡಲಿಲ್ಲ, ನಾಲ್ಕೇ ಇಟ್ಟನಂತೆ. ಆಗುವುದಿಲ್ಲ ಎಂದು ಟೀಚರಮ್ಮ ಅಂದುಕೊಂಡರಂತೆ. ಆಮೇಲೆ ಅಡುಗೆಯ ಅಮ್ಮ ನಕ್ಕು ಹೇಳಿದರಂತೆ, ಬಾರದವರಲ್ಲಿ ಒಬ್ಬ ಬಾಳೆಹಣ್ಣಿನವನು.

ಬಿಆರ್‌ಸಿಯಿಂದ ಮುಂದಿನ ಬುಧವಾರ ಮೇಡಂ ಬರುತ್ತಾರೆ ಎಂದಿದ್ದಾರೆ. ಬಂದರೆ ತಿಳಿಸುತ್ತೇನೆ. ಮುಂದಿನ ಬೆಂಚು ಇನ್ನೂ ಸಿಕ್ಕಿಲ್ಲ.

ಒಂದೂವರೆ ಕೊಠಡಿ
ನಾಲ್ಕೇ ಇಟ್ಟನೇ! ಅವನಿಗೆ ನನ್ನ ಕಡೆಯಿಂದ ಒಂದು ಮೊಟ್ಟೆ ಹೆಚ್ಚು ಕೊಡಿ.

ಗಾಲಿಕುರ್ಚಿ ಅಪ್ಪ
ಲೆಕ್ಕ ತಪ್ಪುತ್ತದೆ ಮೇಡಂ, ಅವನು ಒಪ್ಪುವುದಿಲ್ಲ.

ಸೂಜಿಮಲ್ಲಿಗೆ
ಚೀಲ ಹೊತ್ತ ಮೇಡಂ, ಎಸ್‌ಎಟಿಎಸ್ ನೋಡಿಸಿದೆ. ನೀವು ಹೇಳಿದಂತೆಯೇ ‘ಇಲ್ಲ’ ಎಂದು ಇದೆ. ಸರಿಪಡಿಸಲು ಯುಡಿಐಡಿ ಕಾರ್ಡು ಕೇಳುತ್ತಿದ್ದಾರೆ. ಮಗಳದು ಬಿಳಿ ಕಾರ್ಡು, ಪಕ್ಕದ ಮನೆಯ ಹುಡುಗನದು ಹಳದಿ. ಬಣ್ಣದಿಂದ ಏನಾದರೂ ವ್ಯತ್ಯಾಸ ಆಗುತ್ತದೆಯೇ?

ಚೀಲ ಹೊತ್ತವಳು
ಆಗುತ್ತದೆ. ಬಿಳಿ ಎಂದರೆ ಶೇ 40ಕ್ಕಿಂತ ಕಡಿಮೆ, ಹಳದಿ 40ರಿಂದ 80ರ ಒಳಗೆ, ನೀಲಿ 80 ಮತ್ತು ಮೇಲೆ. ಕಾರ್ಡಿನಲ್ಲಿ ಎಷ್ಟು ಎಂದು ಬರೆದಿದೆ ಹೇಳಿ, ಯಾವ ವರ್ಷ ಪರೀಕ್ಷೆ ಮಾಡಿದ್ದು ಎಂದೂ ಹೇಳಿ. ನಾನು ಈಗ ಗಾಡಿ ಓಡಿಸಬೇಕು, ಊರು ತಲುಪಿ ನೋಡುತ್ತೇನೆ.